ಕಾಲಿಗೆ ನೀರು

ಜಗಳೂರಿನ ಖೋಖೋ ಮೈದಾನ ಕಾಯುವ ಬೊಮ್ಮಕ್ಕನ ಬಾಯಲ್ಲಿ ದೇಶಗಳೆಲ್ಲ ಗಿಡಗಳೇ. "ನೇಪಾಳಕ್ಕೆ ಗೆದ್ದಲು ಹಿಡಿದೈತೆ, ಬರ್ರಿ ಇಲ್ಲಿ!" ಎಂದು ಬೆಳಿಗ್ಗೆಯೇ ಕೂಗುತ್ತಾಳೆ, "ಕೀನ್ಯಾನ ಆಡು ಮೇಯ್ತು!" ಎಂದು ಕೋಲು ಹಿಡಿದು ಓಡುತ್ತಾಳೆ. ಮೂರು ವರ್ಷದ ಹಿಂದೆ ಇಲ್ಲಿ ಅಂತರರಾಷ್ಟ್ರೀಯ ಪಂದ್ಯಾವಳಿ ನಡೆದಾಗ, ಬಂದ ಒಂದೊಂದು ತಂಡದ ಹೆಸರಲ್ಲೂ ಒಂದೊಂದು ಬೇವಿನ ಸಸಿ ನೆಟ್ಟಿದ್ದರು. ಆದರೆ ಟ್ಯಾಂಕರಿನ ನೀರು ಆಟಗಾರರಿಗೇ ಸಾಲದು. ಬೊಮ್ಮಕ್ಕ ದಾರಿ ಹುಡುಕಿದಳು: ಆಟ ಮುಗಿಸಿ ಮಣ್ಣುಗಾಲಲ್ಲಿ ಬಂದವರನ್ನು ಅವರವರ ಸಸಿಯ ಪಾತಿಯಲ್ಲೇ ನಿಲ್ಲಿಸಿ, ಮನೆಗೆ ಬಂದ ನೆಂಟರಿಗೆ ಕೊಡುವಂತೆ ಚೊಂಬಿನಲ್ಲಿ ಕಾಲಿಗೆ ನೀರು ಕೊಟ್ಟಳು. "ಇಲ್ಲೇ ತೊಳ್ಕಳ್ರಮ್ಮಾ, ನಿಮಗೂ ಆತು, ಗಿಡಕ್ಕೂ ಆತು" ಎಂಬ ಅವಳ ಕನ್ನಡ ಹನ್ನೆರಡು ದೇಶಕ್ಕೂ ಅರ್ಥವಾಯಿತು. ಕಪ್ ಗೆದ್ದವರ ಮರವನ್ನು ಈಗಲೂ ಬಂದವರಿಗೆಲ್ಲ ತೋರಿಸುತ್ತಾಳೆ, ಆದರೆ ತಾನು ಬುತ್ತಿ ಬಿಚ್ಚುವುದು ಮಾತ್ರ ಮೂಲೆಯ ಪೆರುವಿನ ನೆರಳಲ್ಲೇ. ಪೆರುವಿನ ಹುಡುಗಿಯರು ಮೊದಲ ದಿನವೇ ಸೋತು ಹೊರಟವರು. ಅವರ ಗಿಡಕ್ಕೆ ಸಿಕ್ಕಿದ್ದು ಒಂದೇ ದಿನದ ನೀರು. ಅಂದಿನಿಂದ ಬೊಮ್ಮಕ್ಕ ದಿನಾ ಸಂಜೆ ತನ್ನ ಕಾಲು ತೊಳೆಯುವುದು ಅದರ ಪಾತಿಯಲ್ಲಿ. ಯಾಕೆ ಅಂತ ಕೇಳಿದರೆ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಾಳೆ: "ಸೋತು ಅಳ್ತಿದ್ಳು ಕಣ್ರೀ ಅವರಾಗೊಬ್ಳು ಹುಡುಗಿ. ಆದ್ರೂ ಹೋಗಾಕೆ ಮುಂಚೆ ನನ್ ಕೈಯಾಗಿನ ಚೊಂಬು ಇಸ್ಕಂಡು, ಬಗ್ಗಿ, ನನ್ ಕಾಲಿಗೂ ನೀರು ಹಾಕಿದ್ಳು."