ಅವಳು ಕಂಪ್ಯೂಟರನ್ನು ಕೇಳಿದ್ದು

ನಮ್ಮೂರ ಪಂಚಾಯಿತಿ ಗ್ರಂಥಾಲಯಕ್ಕೆ ಎರಡು ಕಂಪ್ಯೂಟರ್ ಬಂದಾಗ ಅವಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಮೊದಲ ಗುಂಡಿ ಒತ್ತಿದವಳು ನಾನು. ಗ್ರಂಥಾಲಯದ ಮೇಲ್ವಿಚಾರಕಿ ಎಂದರೆ ಊರಲ್ಲಿ ಅರ್ಧ ಮಾಸ್ತರಿಣಿ, ಅರ್ಧ ಪಂಚರು. ನನಗೂ ಊರಿಗೆಲ್ಲ ಬುದ್ಧಿ ಹೇಳುವ ಚಟ. ಬಾಗಿಲ ಪಕ್ಕದ ಗೋಡೆಗೆ ‘ಹದಿನೆಂಟರ ಮೊದಲು ಮದುವೆ ಅಪರಾಧ’ ಎಂಬ ಪೋಸ್ಟರನ್ನು ನಾನೇ ಗಂಜಿ ಕಾಯಿಸಿ ಅಂಟಿಸಿದ್ದೆ.

ಸಂತೆಯ ದಿನ ಮಧ್ಯಾಹ್ನ ಗಂಡಸರೆಲ್ಲ ಬಸ್ಸು ಹತ್ತಿ ಸಂಶಿಯ ಸಂತೆಗೆ ಹೋಗುತ್ತಾರೆ. ಆ ಹೊತ್ತು ಗ್ರಂಥಾಲಯ ಹೆಂಗಸರದು. ಹೀಗೆಂದು ಯಾರೂ ನಿಯಮ ಮಾಡಲಿಲ್ಲ, ತಾನಾಗಿಯೇ ಆಯಿತು. ಟೈಪು ಮಾಡಲು ಬಾರದವರಿಗೆ ಮೈಕಿನಲ್ಲಿ ಮಾತಾಡಿ ಕೇಳುವುದನ್ನು ನಾನು ಕಲಿಸಿದ್ದೆ. ನಮ್ಮವರು ಯಂತ್ರಕ್ಕೂ ಮರ್ಯಾದೆ ಬಿಡುವವರಲ್ಲ. “ನಮಸ್ಕಾರ್ರೀ, ಮೊಣಕಾಲು ಬ್ಯಾನಿಗೆ ಏನ್ ಹಚ್ಚಬೇಕ್ರಿ?” ಎಂದು ಆಚೆ ಓಣಿಗೂ ಕೇಳುವಂತೆ ಕೂಗುತ್ತಿದ್ದರು. ಉತ್ತರ ಬಂದರೆ “ಭಾಳ ಛಲೋ ಆತ್ರಿ” ಎಂದು ಕೈ ಮುಗಿದು ಏಳುತ್ತಿದ್ದರು. ಟೈಪು ಕಲಿತವರೆಂದರೆ ನಾಲ್ಕು ಹುಡುಗಿಯರು, ನಾಲ್ವರೂ ನನ್ನ ಕೈಯಲ್ಲೇ ಕಲಿತವರು. ಅವರಲ್ಲಿ ಒಬ್ಬಳು ನನ್ನ ಅಣ್ಣನ ಮಗಳು.

ಒಂದು ದಿನ ಬೆಳಿಗ್ಗೆ ನಮ್ಮ ಓಣಿಯ ಸಿಂಪಿಗಿತ್ತಿ ಬಂದು, ಹಿಂದಿನ ಸಂತೆಯ ದಿನ ನೋಡಿದ್ದ ಕುಬಸದ ಕಸೂತಿ ಮತ್ತೊಮ್ಮೆ ಬೇಕೆಂದಳು. ಕಂಪ್ಯೂಟರಿನಲ್ಲಿ ಯಾರು ಏನು ನೋಡಿದರೂ ಅದರ ಪಟ್ಟಿ ಒಳಗೆ ಉಳಿದಿರುತ್ತದೆ. ಅದನ್ನು ಅಳಿಸುವುದನ್ನು ನಾನು ಯಾರಿಗೂ ಕಲಿಸಿರಲಿಲ್ಲ. ಕಲಿಸಬೇಕೆಂದು ಹೊಳೆದೂ ಇರಲಿಲ್ಲ. ಅವಳು ಕೂತಿದ್ದ ಎರಡನೇ ಕಂಪ್ಯೂಟರಿನ ಪಟ್ಟಿ ತೆರೆದು ಕಸೂತಿ ಹುಡುಕಿ ಅವಳನ್ನು ಕಳಿಸಿದೆ. ಆಮೇಲೆ, ಸುಳ್ಳೇಕೆ ಹೇಳಲಿ, ಕುತೂಹಲಕ್ಕೆ ಹಾಗೇ ಕೆಳಗೆ ಸರಿಸುತ್ತ ಹೋದೆ. ಮೊಣಕಾಲು ನೋವು, ಮೆಣಸಿನಕಾಯಿಯ ರೇಟು, ಎಮ್ಮೆಯ ಕೆಚ್ಚಲು ಬಾವು. ನಡುವೆ, ಅದೇ ದಿನ ಮಧ್ಯಾಹ್ನ ಮೂರು ಗಂಟೆ ದಾಟಿದ ಹೊತ್ತಿನಲ್ಲಿ ಟೈಪು ಮಾಡಿದ ನಾಲ್ಕು ಸಾಲುಗಳಿದ್ದವು. ಮೈಕಿನಲ್ಲಿ ಕೇಳಿದ್ದರೆ ನನ್ನ ಕಿವಿಗೂ ಬೀಳುತ್ತಿತ್ತು.

‘ಹದಿನೇಳು ವರ್ಷಕ್ಕ ಮದುವಿ ಆದ್ರ ಕಾಲೇಜ್ ಬಿಡಬೇಕಾಗ್ತದೇನ್ರಿ.’

‘ಮನಸ್ಸಿಲ್ಲದ ಮದುವಿ ನಿಲ್ಲಸೂದು ಹೆಂಗ್ರಿ.’

‘ಕಂಪ್ಲೇಂಟ್ ಕೊಟ್ರ ಅಪ್ಪನ್ನ ಹಿಡಕೊಂಡು ಹೋಗ್ತಾರೇನ್ರಿ.’

‘ಅಪ್ಪನ್ನ ಹಿಡೀದಂಗ ಮದುವಿ ಅಷ್ಟ ನಿಲ್ಲಸಾಕ ಬರ್ತದೇನ್ರಿ.’

ನಮ್ಮೂರಲ್ಲಿ, ನನ್ನ ಕೋಣೆಯಲ್ಲಿ, ನನ್ನ ಮೇಜಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ಕೂತು ಒಂದು ಹುಡುಗಿ ಇದನ್ನು ಕೇಳಿದ್ದಾಳೆ. ಅದೇ ಹೊತ್ತಿಗೆ ನಾನು ಬಹುಶಃ ಪತ್ರಿಕೆ ಓದುತ್ತ ಶೇಂಗಾ ತಿನ್ನುತ್ತಿದ್ದೆ. ಆ ನಾಲ್ಕನೆಯ ಸಾಲನ್ನು ಎಷ್ಟು ಸಲ ಓದಿದೆನೋ ಗೊತ್ತಿಲ್ಲ.

ಸ್ವಲ್ಪ ಹೊತ್ತಿಗೆ ಗಾಬರಿ ಹೋಗಿ ಸಿಟ್ಟು ಬಂತು. ಸಿಟ್ಟು ಬಂದರೆ ನನಗೆ ಕಾಲು ನಿಲ್ಲುವುದಿಲ್ಲ. ಟೈಪು ಬಲ್ಲ ನಾಲ್ವರಲ್ಲಿ ಪಿಂಜಾರ ಓಣಿಯ ಹುಡುಗಿಯೂ ಒಬ್ಬಳು. ಆ ಮನೆಗೆ ಮೊನ್ನೆಯಷ್ಟೇ ಸುಣ್ಣ ಹೊಡೆಸಿದ್ದನ್ನು ನೋಡಿದ್ದೆ. ಸುಣ್ಣ ಹೊಡೆಸಿದರೆ ಮದುವೆ ಎಂದೇ ನಾನು ತೀರ್ಮಾನ ಮಾಡಿದೆ. ಅವರ ಮಂದಿಯಲ್ಲಿ ಬೇಗ ಮದುವೆ ಮಾಡುತ್ತಾರೆ ಎಂಬ ಮಾತೂ ತಲೆಯೊಳಗೆ ಸುಳಿದಿತ್ತು. ಬಾಗಿಲಿಗೆ ಬೀಗ ಹಾಕಿ ನೆಟ್ಟಗೆ ಅಲ್ಲಿಗೇ ಹೋದೆ.

ಹುಡುಗಿಯ ತಾಯಿ ಅಂಗಳದಲ್ಲಿ ಗಾದಿಯ ಅರಳೆ ಬಿಡಿಸುತ್ತಿದ್ದರು. ನಿಂತ ಕಾಲಲ್ಲೇ ಕಂಪ್ಯೂಟರಿನಲ್ಲಿ ಕಂಡ ಸಾಲುಗಳು, ಕಾಯಿದೆ, ಪೊಲೀಸು, ಜೈಲು ಎಲ್ಲ ಹೇಳಿ ಮುಗಿಸಿದೆ. ಅವರು ಕೈಗೆ ಹತ್ತಿದ ಅರಳೆ ಕೊಡವುತ್ತ ಪೂರ್ತಿ ಕೇಳಿದರು.

“ಯಾರ ಮದುವಿರೀ ಅಕ್ಕಾರ? ನನ್ನ ಮಗಳು ನರ್ಸಿಂಗ್ ಓದ್ತೀನಿ ಅಂತ ಕುಂತಾಳ. ಮನ್ಯಾಗ ಗೆದ್ದಲ ಹತ್ತಿತ್ತು, ಅದಕ್ಕ ಸುಣ್ಣ ಹೊಡಸೀವಿ.” ಆಮೇಲೆ ದನಿ ಇಳಿಸಿ ಅಂದರು, “ಯಾರು ಯಾವಾಗ ಕುಂತಿದ್ರು ಅಂತ ನಿಮ್ಮ ವಹಿಯೊಳಗ ಸಹಿ ಇರ್ತೈತಲ್ರಿ. ಹೋಗಿ ನೋಡ್ರಿ. ಮದುವಿ ಗೊತ್ತಾತಂತ ಹೋದ ತಿಂಗಳ ನಮಗೆಲ್ಲ ಸಕ್ಕರಿ ಹಂಚಿದವರು ನೀವ ಅಲ್ಲೇನ್ರಿ?”

ತನ್ನ ಎಲೆಯಲ್ಲಿ ಹೆಗ್ಗಣ ಬಿದ್ದಿದ್ದರೂ ಪಕ್ಕದವರ ಎಲೆಯ ನೊಣ ಎಣಿಸುವವರನ್ನು ಕಂಡು ನಾನು ಜೀವಮಾನವಿಡೀ ನಕ್ಕಿದ್ದೇನೆ. ಗ್ರಂಥಾಲಯಕ್ಕೆ ಮರಳಿ ಬಂದು ವಹಿ ತೆಗೆದೆ. ಸಂತೆಯ ದಿನ, ಮೂರರಿಂದ ಮೂರೂವರೆ, ಎರಡನೇ ಕಂಪ್ಯೂಟರ್. ಸಹಿ ನನ್ನ ಅಣ್ಣನ ಮಗಳದು. ಅಕ್ಷರ ದುಂಡಾಗಿ ಬರೆಯಬೇಕೆಂದು ಅವಳಿಗೆ ಹೇಳಿಕೊಟ್ಟವಳೂ ನಾನೇ.

ಅವಳಿಗೆ ಆ ಸಂಬಂಧ ತಂದದ್ದು ನಾನು. ತಿರ್ಲಾಪುರದ ಮನೆತನ, ಹತ್ತಿ ಬೆಳೆಯುವ ಹೊಲ, ಹುಡುಗ ನವಲಗುಂದದ ಸರಕಾರಿ ಕಚೇರಿಯಲ್ಲಿ ನೌಕರ. ಹುಡುಗಿಗೆ ಹದಿನೆಂಟು ತುಂಬಲು ಇನ್ನೂ ಐದು ತಿಂಗಳಿದೆ ಎಂದು ಅಣ್ಣ ಅನುಮಾನಿಸಿದಾಗ “ಐದ ತಿಂಗಳಿಗೆ ಏನಾಕ್ಕೈತಿ, ಹತ್ತಿರನ ಬಂತಲ್ಲ” ಎಂದವಳು ನಾನು. ಆಗ ನನಗೆ ಗೋಡೆಯ ಮೇಲಿನ ಪೋಸ್ಟರ್ ನೆನಪಾಗಲಿಲ್ಲವೇ ಎಂದು ಯಾರಾದರೂ ಕೇಳಿದರೆ ಏನು ಹೇಳಲಿ? ಅದನ್ನು ಊರವರಿಗೆಂದು ಅಂಟಿಸಿದ್ದೆ. ನನ್ನ ಬಗ್ಗೆ ನನಗೆ ಅಷ್ಟು ಹೇಸಿಗೆ ಯಾವತ್ತೂ ಆಗಿರಲಿಲ್ಲ.

ಅಂದು ಸಂಜೆಯೇ ಅಣ್ಣನ ಮನೆಗೆ ಹೋಗಿ ಮದುವೆ ಬೇಡ ಎಂದೆ. ಹುಡುಗಿ ಬರೆದ ಸಾಲುಗಳನ್ನು ಅಣ್ಣನಿಗೆ ಓದಿ ಹೇಳಿದೆ. ಸಿಟ್ಟಿನಲ್ಲಿ ಎದ್ದು ನಿಂತಿದ್ದ ಅವನು ನಾಲ್ಕನೆಯ ಸಾಲಿಗೆ ಕಟ್ಟೆಯ ಮೇಲೆ ಕುಸಿದು ಕೂತ.

“ಮಾತು ಕೊಟ್ಟು ಬಂದಾಕಿ ನೀನು,” ಎಂದ ಕೊನೆಗೆ. “ಯಾವ ಮಾರಿ ಇಟಗೊಂಡು ಅವರಿಗೆ ಹೇಳ್ಲಿ ನಾ?”

“ನೀ ಯಾಕ ಹೇಳ್ತಿ? ನಾ ಕೊಟ್ಟ ಮಾತು, ನಾನ ಹೋಗಿ ತಗೊಂಡು ಬರ್ತೀನಿ.”

ಮರುದಿನ ಎರಡು ಬಸ್ಸು ಬದಲಿಸಿ ತಿರ್ಲಾಪುರಕ್ಕೆ ಹೋದೆ. ಹುಡುಗನ ತಾಯಿ ನನ್ನನ್ನು ಕೂರಿಸಿ, ನೀರು ಬೆಲ್ಲ ಕೊಟ್ಟು, ವಿಷಯ ಕೇಳಿದ ಮೇಲೆ ಲೋಟ ತಿರುಗಿ ತೆಗೆದುಕೊಂಡರು. “ನೀವ ಬಂದು ಕೇಳಿದ್ರಿ, ನೀವ ಬ್ಯಾಡ ಅಂತೀರಿ. ಹೆಣಮಗಳಿಗೆ ಹದಿನೆಂಟ ತುಂಬಿಲ್ಲ ಅಂತ ಅವತ್ತ ಯಾಕ ಹೇಳಲಿಲ್ರಿ? ನಮ್ಮನ್ನೂ ಕೋರ್ಟಿಗೆ ಎಳೀತಿದ್ರೇನು?” ಅವರು ಹೇಳಿದ್ದರಲ್ಲಿ ಒಂದು ಮಾತೂ ಸುಳ್ಳಲ್ಲ. ವಾದದಲ್ಲಿ ಯಾರಿಗೂ ಸೋಲದ ನಾನು ತಲೆ ತಗ್ಗಿಸಿ ಕೇಳಿಸಿಕೊಂಡೆ. ಸಂಬಂಧ ಮುರಿಯಿತು.

ವಾಪಸು ಬರುವಾಗ ಮನಸ್ಸು ಹಗುರಾಗಿತ್ತು. ಬೈಸಿಕೊಂಡರೂ ಕೆಲಸ ಆಗಿತ್ತಲ್ಲ, ಹುಡುಗಿಯ ಓದು ಉಳಿಯಿತಲ್ಲ ಎಂದುಕೊಂಡೆ. ಅವಳು ಓಡಿ ಬಂದು ನನ್ನನ್ನು ಅಪ್ಪಿಕೊಳ್ಳುತ್ತಾಳೆ ಎಂದೂ ಅಂದಾಜು ಮಾಡಿದ್ದೆ. ಅವಳು ಹಿತ್ತಲಲ್ಲಿ ಬಟ್ಟೆ ಹಿಂಡುತ್ತಿದ್ದಳು. ಸುದ್ದಿ ಕೇಳಿ ಅವಳ ಕೈ ನಿಂತಿತು. ಕಣ್ಣಲ್ಲಿ ನೀರು ತುಂಬಿತು, ಓಢಣಿಯ ತುದಿಯಿಂದ ಒರೆಸಿಕೊಂಡಳು. ಹತ್ತಿರ ಮಾತ್ರ ಬರಲಿಲ್ಲ.

ನನಗೆ ತಡೆಯಲಾಗಲಿಲ್ಲ. “ಊರ ಮಂದಿಯೆಲ್ಲ ನನ್ನ ಕಡೆ ಬರ್ತಾರ. ನೀ ಆ ಡಬ್ಬೀನ ಕೇಳೂ ಬದ್ಲಿ ನನ್ನ ಒಂದ ಮಾತು ಕೇಳಬಾರದಿತ್ತೇನ?”

ಅವಳು ನನ್ನನ್ನು ಬೆರಗಾಗಿ ನೋಡಿದಳು. “ಕೇಳಿದ್ನಲ್ಲ ಅತ್ತಿ. ಎರಡ ಸರ್ತಿ.”

“ಯಾವಾಗ?”

“ಅವರು ನೋಡಾಕ ಬಂದ ದಿನ, ಅಡಗಿಮನ್ಯಾಗ. ನೀ ‘ಚಾ ಆರತೈತಿ, ಮೊದಲ ಒಯ್ದು ಕೊಡು’ ಅಂದಿ.”

ಆ ಚಹಾ ನನಗೆ ನೆನಪಿದೆ. ಬಂದವರು ಏಳು ಜನ, ಕಪ್ಪು ಆರೇ ಇದ್ದವು, ಪಕ್ಕದ ಮನೆಯಿಂದ ಒಂದು ತರಿಸಿದ್ದು ನೆನಪಿದೆ. ಅವಳು ಏನಾದರೂ ಅಂದದ್ದು ಎಷ್ಟು ತಡಕಾಡಿದರೂ ನೆನಪಾಗಲಿಲ್ಲ.

“ಇನ್ನೊಂದ ಸರ್ತಿ?”

“ಸಂತಿ ದಿನ, ಲೈಬ್ರರಿಯೊಳಗ. ಅತ್ತಿ, ಒಂದ ಮಾತು ಕೇಳೂದೈತಿ ಅಂದೆ. ನೀ ಪೇಪರ್ ಓದಾಕತ್ತಿದ್ದಿ. ಮಾರಿ ಎತ್ತಲಿಲ್ಲ. ‘ಏನ್ ಕೇಳೂದಿದ್ರೂ ಕಂಪ್ಯೂಟರನ್ನ ಕೇಳು, ಎರಡನೇದು ಖಾಲಿ ಐತಿ, ಹೋಗಿ ಕುಂದ್ರು’ ಅಂದಿ.”

ಹಿಂಡಿದ ಬಟ್ಟೆಯನ್ನು ತಂತಿಯ ಮೇಲೆ ಹಾಕಿ, ನೆರಿಗೆ ಬಿಡಿಸುತ್ತ ಅವಳು ಅಂದಳು, “ಹೋಗಿ ಕುಂತೆ.”