ಕಮಲವ್ವನವರ ಸಾಕ್ಷ್ಯ, ನೀಲಗಂಗಾ ಅವರ ಅನುವಾದ

ಡೆಟ್ರಾಯಿಟ್ ಪರಿಸರದಲ್ಲಿ ದುಭಾಷಿಯ ವೃತ್ತಿಗೆ ಗೌರವ ತಂದುಕೊಟ್ಟ ಕನ್ನಡಿಗರಲ್ಲಿ ಶ್ರೀಮತಿ ನೀಲಗಂಗಾ ಅವರದು ಮೊದಲ ಹೆಸರು. ಇಪ್ಪತ್ತಾರು ವರ್ಷ ಆಸ್ಪತ್ರೆ, ಶಾಲೆ, ನ್ಯಾಯಾಲಯಗಳಲ್ಲಿ ಇಂಗ್ಲಿಷ್ ಬಾರದ ನಮ್ಮ ಹಿರಿಯರ ಬಾಯಾಗಿದ್ದು ಈಗ ನಿವೃತ್ತರಾಗುತ್ತಿದ್ದಾರೆ. ಹಿಮದಲ್ಲಿ ಲಿವೋನಿಯಾದ ಆಸ್ಪತ್ರೆಯವರೆಗೆ ಡ್ರೈವ್ ಮಾಡಿ ಹೋಗಿ, ಶಸ್ತ್ರಚಿಕಿತ್ಸೆಗೆ ಹೆದರಿದ್ದ ಅಜ್ಜಿಯೊಬ್ಬರ ಕೈ ಹಿಡಿದು, ಕೆಲಸದ ಹೊತ್ತು ಮೀರಿದರೂ ಕದಲದೆ ಕೂತವರು ಅವರು. ಇಂಥವನ್ನೇ ನಾಲ್ಕು ಪುಟ ಬರೆದು ಕೈತೊಳೆದುಕೊಳ್ಳಬಹುದಿತ್ತು. ಆದರೆ ಈ ಅಭಿನಂದನ ಗ್ರಂಥದ ವಿಷಯ ಎತ್ತಿದಾಗ ಅವರು ಹಾಕಿದ ಷರತ್ತು ಒಂದೇ.

"ವಿನಿತಾನ ವಿಷಯ ಬರೀದಿದ್ರ ನನ್ನ ಬಗ್ಗೆ ಏನೂ ಬರೀಬ್ಯಾಡ್ರಿ."

ವಿನಿತಾ ರಾಚೆಸ್ಟರ್ ಹಿಲ್ಸ್‌ನ ಎಂಜಿನಿಯರ್. ಅವಳ ತಾಯಿ ಕಮಲವ್ವ ಅಮೆರಿಕಕ್ಕೆ ಬಂದು ಮಗಳ ಬಳಿ ನೆಲೆಸಿದ್ದವರು. ಹುಬ್ಬಳ್ಳಿಯಲ್ಲಿ ನಡೆದ ವಿನಿತಾಳ ಮದುವೆ ಮೂರೇ ವರ್ಷಕ್ಕೆ ವಿಚ್ಛೇದನದಲ್ಲಿ ಮುಗಿದಿತ್ತು. ಮುಂದೆ ಅವಳು ಶಿಕಾಗೋದ ಪ್ಯಾಟ್ರಿಕ್ ಎಂಬ ಕ್ಯಾಥೊಲಿಕನನ್ನು ಮೆಚ್ಚಿದಳು. ಚರ್ಚಿನಲ್ಲಲ್ಲದೆ ಅವನಿಗೆ ಮದುವೆಯಿಲ್ಲ. ಚರ್ಚಿಗೋ ಸರ್ಕಾರದ ವಿಚ್ಛೇದನ ಸಾಲದು. ಹಿಂದೂ ಕ್ರಮದಲ್ಲಿ ನಡೆದದ್ದೂ ಅದರ ಪಾಲಿಗೆ ಮದುವೆಯೇ. ಆ ಮದುವೆ ಮೊದಲಿನಿಂದಲೇ ಅಸಿಂಧುವಾಗಿತ್ತೆಂದು ಚರ್ಚಿನ ವಿವಾಹ ನ್ಯಾಯಮಂಡಳಿ ಹೇಳಬೇಕಿತ್ತು. ಬೆದರಿಕೆಗೆ ಮಣಿದು ತಾಳಿ ಕಟ್ಟಿಸಿಕೊಂಡೆನೆಂದು ವಿನಿತಾ ಅರ್ಜಿ ಕೊಟ್ಟಳು. ಅದಕ್ಕೆ ಸಾಕ್ಷಿ ತಾಯಿಯೊಬ್ಬರೇ. ನಿಯಮದ ಪ್ರಕಾರ, ಏನು ಬರೆಯಬೇಕೆಂದು ತಾಯಿಗೆ ಮಗಳು ಹೇಳಿಕೊಡುವಂತಿರಲಿಲ್ಲ.

ನ್ಯಾಯಮಂಡಳಿಯ ಪ್ರಶ್ನೆಗಳಿಗೆ ಕಮಲವ್ವ ಕನ್ನಡದಲ್ಲಿ ಬರೆದ ಉತ್ತರಗಳು ಅನುವಾದಕ್ಕೆಂದು ನೋವೈ ಊರಿನಲ್ಲಿರುವ ನೀಲಗಂಗಾ ಅವರ ಮನೆಗೆ ಬಂದವು. ಇವು ಮಗಳ ಅರ್ಜಿಯನ್ನೇ ಬೀಳಿಸುತ್ತವೆಂದು ಓದುತ್ತಲೇ ಅವರಿಗೆ ತಿಳಿಯಿತು. ಹೆಣ್ಣು ನೋಡಲು ಬಂದವರ ಮುಂದೆ ಮಗಳ ಗುಣಗಾನ ಮಾಡುವಂತೆ ಆ ತಾಯಿ ಬರೆದಿದ್ದರು: ಮಗಳು ತಾನಾಗಿ ಒಪ್ಪಿದಳು, ನಗುನಗುತ್ತ ಹಸೆಮಣೆ ಏರಿದಳು, ಯಾರಿಗೂ ಎದುರಾಡಿದವಳಲ್ಲ. ಹೊಸ ಸಂಬಂಧ ಕುದುರಲಿ ಎಂಬ ಆಸೆಯಿಂದಲೇ ಬರೆದದ್ದು ಅದೆಲ್ಲ.

ಅಸ್ಪಷ್ಟವಾಗಿದ್ದ ಕೆಲವು ಅಕ್ಷರಗಳನ್ನು ಕೇಳಲು ಕರೆಸಿದಾಗ ಕಮಲವ್ವ ತಾವಾಗಿಯೇ ಬಾಯಿಬಿಟ್ಟರು.

"ಅಕಿ ಒಲ್ಲೆ ಅಂತ ಅತ್ತಿದ್ಳು ಖರೇ. ನಾ ವಿಷ ಕುಡೀತೀನಿ ಅಂದ ಮ್ಯಾಲ ಸುಮ್ಮನಾದ್ಳು. ಅದನ್ನೆಲ್ಲಾ ಮಂದಿ ಮುಂದ ಬರೀತಾರೇನ್ರಿ?"

"ಕೇಳಿದ್ದಕ್ಕ ಖರೇ ಬರೀರಿ, ಕಮಲವ್ವಾರ," ಎಂದರು ನೀಲಗಂಗಾ.

"ಖರೇನ ಬರದೀನ್ರಿ. ನನ್ನ ಮಗಳು ಬಂಗಾರ."

ಸಾಕ್ಷಿಗೆ ಸೂಚನೆ ಕೊಡಬಾರದು, ಬರೆದದ್ದಕ್ಕೆ ಏನನ್ನೂ ಸೇರಿಸಬಾರದು ಎಂಬ ಪ್ರತಿಜ್ಞೆಗೆ ಸಹಿ ಹಾಕಿದ್ದವರು ನೀಲಗಂಗಾ. ಇದ್ದದ್ದನ್ನು ಇದ್ದಂತೆಯೇ ಅನುವಾದಿಸಿ ಕಳುಹಿಸಿದರು. ಇದನ್ನು ಪ್ರಾಮಾಣಿಕತೆ ಎನ್ನಬೇಕೋ, ಕಲ್ಲೆದೆ ಎನ್ನಬೇಕೋ ನಮಗಂತೂ ತಿಳಿಯದು.

ವರ್ಷ ಕಳೆದು ತೀರ್ಪು ಬಂತು: ಬಲವಂತ ಸಾಬೀತಾಗಿಲ್ಲ, ಮದುವೆ ಸಿಂಧು. ಪ್ಯಾಟ್ರಿಕ್ ಅತ್ತ, ಕ್ಷಮೆ ಕೇಳಿದ, ಶಿಕಾಗೋಗೆ ಹಿಂತಿರುಗಿದ. ಅರ್ಜಿದಾರಳಿಗೆ ಕಡತ ಓದುವ ಹಕ್ಕಿತ್ತು. ತಾಯಿಯ ಉತ್ತರ ಓದಿದ ವಿನಿತಾ, ನೀಲಗಂಗಾ ಅವರ ಮುಂದೆ ತಾಯಿ ನಿಜ ಹೇಳಿದ್ದನ್ನು ತಾಯಿಯಿಂದಲೇ ತಿಳಿದು ನೇರವಾಗಿ ನೋವೈಗೆ ಬಂದಳು.

"ಆಂಟಿ, ನಿಮಗೆ ಎಲ್ಲಾ ಗೊತ್ತಿತ್ತು. ನಂಗೊಂದು ಕಾಲ್ ಮಾಡ್ಬಹುದಿತ್ತಲ್ಲ?"

ನೂರಾರು ಜನರ ಪರವಾಗಿ ಮಾತಾಡಿದ್ದ ನೀಲಗಂಗಾ, ತಮ್ಮ ಪರವಾಗಿ ಆ ಪ್ರತಿಜ್ಞಾಪತ್ರವನ್ನು ತಂದು ಅವಳ ಮುಂದಿಟ್ಟರು.

ಕಳೆದ ತಿಂಗಳು ಕಮಲವ್ವ, ವಿಷದ ಮಾತನ್ನೂ ಬಿಡದೆ, ನಡೆದದ್ದೆಲ್ಲವನ್ನೂ ಬರೆದು ತಂದರು. ಅಷ್ಟರಲ್ಲಿ ಪ್ಯಾಟ್ರಿಕ್‌ನ ಮದುವೆ ಬೇರೆ ಹುಡುಗಿಯೊಡನೆ ಆಗಿಹೋಗಿತ್ತು. ಯಾರಿಗೂ ಬೇಡವಾದ ಆ ಕಾಗದವನ್ನು ನೀಲಗಂಗಾ ಕೂತು ಅನುವಾದಿಸಿದರು. ಅದೇ ಅವರ ವೃತ್ತಿಯ ಕೊನೆಯ ಕೆಲಸ.

ಈ ಬರಹಕ್ಕೆ ಕಮಲವ್ವ ಅಳುತ್ತಲೇ ಒಪ್ಪಿದರು. ವಿನಿತಾಳಿಂದ ಇಮೇಲಿನಲ್ಲಿ ಒಂದೇ ಪದದ ಒಪ್ಪಿಗೆ ಬಂತು. ಅಂದು ಹೊರಟುಹೋದವಳು ಮತ್ತೆ ನೋವೈ ಮನೆಯ ಮೆಟ್ಟಿಲು ಹತ್ತಿಲ್ಲ. ನೀಲಗಂಗಾ ಅವರಿಗೆ ಆಯುರಾರೋಗ್ಯಗಳು ಲಭಿಸಲಿ, ಬಲ್ಲ ಎರಡು ಭಾಷೆಗಳನ್ನೂ ಮಕ್ಕಳಿಗೆ ಕಲಿಸುತ್ತಿರಲಿ. ವಿನಿತಾ ಬಂದು ಬಾಗಿಲು ತಟ್ಟುವ ತನಕವಾದರೂ ಅವರು ಬದುಕಿರಲಿ.