ಒಗ್ಗರಣೆ ಬಿದ್ದ ಸ್ಯಾಂಡ್‌ವಿಚ್

ಟಕ್ ಟಕ್ ಟಕ್ ಟಕ್. ಪಿಂಗಾಣಿ ಬೋಗುಣಿಯ ಅಂಚಿಗೆ ಫೋರ್ಕ್ ತಾಗುವ ಸದ್ದು. ವರ್ಷಕ್ಕೊಮ್ಮೆ, ಸ್ಕೂಲ್ ಪಿಕ್ನಿಕ್ಕಿನ ಬೆಳಿಗ್ಗೆ, ಹೊಸಪೇಟೆಯ ನಮ್ಮ ಕಾನ್ವೆಂಟಿನ ಅಡುಗೆಮನೆ ಕಿಟಕಿಯಿಂದ ಆ ಸದ್ದು ಬರುತ್ತಿತ್ತು. ನಾನು ಕಿಟಕಿಯ ಕಲ್ಲಿಗೆ ಗದ್ದ ಊರಿ ನೋಡುತ್ತಿದ್ದೆ. ಒಳಗೆ ನಮ್ಮ ಇಂಗ್ಲಿಷ್ ಟೀಚರ್, ಸಿಸ್ಟರ್, ಬಿಳಿ ನಿಲುವಂಗಿಯ ತೋಳನ್ನು ಮೊಣಕೈವರೆಗೆ ಮಡಚಿ, ಮೊಟ್ಟೆಯ ಹಳದಿಗೆ ಹನಿಹನಿಯಾಗಿ ಎಣ್ಣೆ ಬಿಡುತ್ತ ಬಡಿಯುತ್ತಿದ್ದರು. ನೋಡನೋಡುತ್ತ ಅದು ದಪ್ಪಗಾಗಿ, ಬೆಳ್ಳಗಾಗಿ, ಬೋಗುಣಿ ಓರೆ ಮಾಡಿದರೂ ಬೀಳದ ಹಾಗೆ ನಿಂತುಬಿಡುತ್ತಿತ್ತು.

ಸಿಸ್ಟರ್ ಮಂಗಳೂರಿನ ಕಡೆಯವರು. ಚಿಕ್ಕ ವಯಸ್ಸಿನಲ್ಲಿ ಒಂದು ವರ್ಷ ಅಮೆರಿಕದಲ್ಲಿ ಓದಿ ಬಂದವರು. ಅಲ್ಲಿ ಡೆಲಿ ಅಂತ ಅಂಗಡಿಗಳಿರುತ್ತವಂತೆ. ಗಾಜಿನ ಕೌಂಟರಿನ ಹಿಂದೆ ಬ್ರೆಡ್ಡು, ಚೀಸು, ತೆಳ್ಳಗೆ ಹೆಚ್ಚಿದ ತರಕಾರಿ ಎಲ್ಲಾ ಜೋಡಿಸಿಟ್ಟು, ನೀವು ಬೆರಳು ತೋರಿಸಿದ ಹಾಗೆ ಸ್ಯಾಂಡ್‌ವಿಚ್ ಕಟ್ಟಿ ಕೊಡುತ್ತಾರಂತೆ. "ಎಲ್ಲದರ ಸೀಕ್ರೆಟ್ ಈ ಡ್ರೆಸ್ಸಿಂಗು ಮಾರಾಯ್ತಿ," ಅನ್ನುತ್ತಿದ್ದರು ಬೋಗುಣಿ ತೋರಿಸಿ. "ಇದಿಲ್ಲದಿದ್ದರೆ ಅದು ಬರೀ ಬ್ರೆಡ್ಡು, ಬರೀ ಸೌತೆಕಾಯಿ."

ನಾನು ಅದನ್ನು ತಿಂದವಳಲ್ಲ. ನಮ್ಮದು ವೈಷ್ಣವರ ಮನೆ. ಮೊಟ್ಟೆ ಅನ್ನುವ ಶಬ್ದವನ್ನೂ ಅಜ್ಜಿ ಬಾಯಿಂದ ಆಡುತ್ತಿರಲಿಲ್ಲ, "ಆ ಬಿಳೇದು" ಅನ್ನುತ್ತಿದ್ದಳು. ಹಂಪಿಯ ಹೊಳೆ ದಂಡೆಯ ಬಂಡೆ ಮೇಲೆ ಉಳಿದ ಹುಡುಗಿಯರೆಲ್ಲ ಸ್ಯಾಂಡ್‌ವಿಚ್ ಹಿಡಿದು ಕೂತರೆ ನಾನು ಮೊಸರನ್ನದ ಡಬ್ಬಿ ಬಿಚ್ಚುತ್ತಿದ್ದೆ. ಸಿಸ್ಟರ್ ಬಂದು ಪಕ್ಕದಲ್ಲೇ ಕೂತು ನನ್ನ ಡಬ್ಬಿಯಿಂದ ಒಂದು ಚಮಚ ತಿಂದು "ಹೆವೆನ್ಲಿ" ಅನ್ನುತ್ತಿದ್ದರು. ನಮ್ಮ ಊಟ ಅವರು ಉಂಡರು. ಅವರದ್ದು ನಾನು ಮುಟ್ಟಲಿಲ್ಲ. ಮುಂದೆ ನನ್ನ ಮದುವೆಯಾಯಿತು, ಅವರಿಗೆ ಸಂಡೂರಿಗೆ ವರ್ಗವಾಯಿತು, ಭೇಟಿ ಅಂದರೆ ಕ್ರಿಸ್‌ಮಸ್ಸಿಗೆ ಒಂದು ಫೋನು ಅನ್ನುವ ಹಾಗಾಯಿತು. ಆದರೂ ಆ ಲೆಕ್ಕ ಸರಿಹೋಗಲಿಲ್ಲ ಅಂತ ನನಗೆ ಅನಿಸುತ್ತಲೇ ಇತ್ತು.

ಹೋದ ವರ್ಷ ಬೇಸಿಗೆಯಲ್ಲಿ ಸಂಡೂರಿನಿಂದ ಅವರ ಫೋನ್ ಬಂತು. ದನಿ ಸಣ್ಣಗಾಗಿತ್ತು.

"ನನ್ನನ್ನು ಮಂಗಳೂರಿಗೆ ಕಳಿಸ್ತಾ ಇದ್ದಾರೆ, ಚೈಲ್ಡ್. ವಯಸ್ಸಾದ ಸಿಸ್ಟರ್‌ಗಳ ಮನೆಗೆ. ಫಾರ್ ಗುಡ್. ನಾಡಿದ್ದು ಹೊಸಪೇಟೆ ಸ್ಟೇಷನ್ನಿಗೆ ಬರುವಾಗ ನಿಮ್ಮಲ್ಲಿ ಅರ್ಧ ಗಂಟೆ ಕೂತು ಹೋಗ್ತೇನೆ."

"ಏನು ಮಾಡಿಡಲಿ ಸಿಸ್ಟರ್?"

"ಎಂತದಾದರೂ ಮಾಡು. ಇಡ್ಲಿ ಮಾತ್ರ ಬೇಡ. ಇಲ್ಲಿ ದಿನಾ ಅದೇ." ಆಮೇಲೆ ನಕ್ಕು, "ನನ್ನ ಸ್ಯಾಂಡ್‌ವಿಚ್ ನೆನಪುಂಟಾ?" ಅಂದರು.

"ಹೆಂಗ ಮರೀಲಿ ಸಿಸ್ಟರ್, ತಿಂದೇ ಇಲ್ಲವಲ್ಲ."

ನಾನು ಆಗಲೇ ನಿಶ್ಚಯ ಮಾಡಿದೆ. ಆ ಅರ್ಧ ಗಂಟೆಯಲ್ಲಿ ಇಬ್ಬರೂ ಒಂದೇ ಪ್ಲೇಟಿನಿಂದ ಅದನ್ನು ತಿನ್ನಬೇಕು. ಇನ್ನೊಂದು ಚಾನ್ಸ್ ಇಲ್ಲ.

ಮೊಟ್ಟೆ ಇಲ್ಲದೆಯೂ ಆ ಡ್ರೆಸ್ಸಿಂಗ್ ಆಗುತ್ತದೆ ಅಂತ ಮೊಮ್ಮಗಳು ತನ್ನ ಫೋನಿನಲ್ಲಿ ವಿಡಿಯೋ ತೋರಿಸಿದ್ದಳು. ತಣ್ಣನೆಯ ಹಾಲು, ಎಣ್ಣೆ, ಉಪ್ಪು, ಸಾಸಿವೆ ಪುಡಿ, ಕೊನೆಗೆ ನಿಂಬೆಹುಳಿ. ಇಷ್ಟೇ. ನನಗೆ ನಂಬಿಕೆ ಬರಲಿಲ್ಲ. ಅಕ್ಕನಿಗಂತೂ ಇನ್ನೂ ಇಲ್ಲ. ಅಕ್ಕ ಅಂದರೆ ನನ್ನ ವಾರಗಿತ್ತಿ, ನನ್ನ ಗಂಡನ ಅಣ್ಣನ ಹೆಂಡತಿ. ಕಂಪ್ಲಿಯವಳು, ಹಾಲು ಮೊಸರಿನ ಮನೆಯಿಂದ ಬಂದವಳು. ನಾನು ಸೊಸೆಯಾಗಿ ಬಂದ ದಿನದಿಂದ ನನ್ನನ್ನು "ಕಾನ್ವೆಂಟ್" ಅಂತಲೇ ಕರೆಯುವವಳು.

"ಏನವಾ ಕಾನ್ವೆಂಟ್, ಹಾಲಿಗೆ ಎಣ್ಣಿ ಹಾಕ್ತೀಯಾ? ಮ್ಯಾಲ ನಿಂಬಿಹುಳಿ? ಹಾಲು ಒಡೀತದ. ನಾಳಿಗೆ ಬಂದೋರ ಮುಂದ ಏನಿಡ್ತಿ, ಒಡದ ಹಾಲೇನು?"

"ಒಡ್ಯಂಗಿಲ್ಲಂತಕ್ಕ. ಕೂಡ್ತದಂತ."

"ಯಾರಂತ? ಆ ಫೋನಂತ?"

ಸಿಸ್ಟರ್ ಬರುವ ದಿನ ಮಧ್ಯಾಹ್ನ, ಮನೆಯವರೆಲ್ಲ ಆಫೀಸು ಕಾಲೇಜು ಅಂತ ಹೊರಗಿದ್ದಾಗ, ಕಾಯಿಸಿ ಫ್ರಿಜ್ಜಿನಲ್ಲಿಟ್ಟ ಹಾಲನ್ನು ಮಿಕ್ಸಿಯ ಸಣ್ಣ ಜಾರಿಗೆ ಹಾಕಿದೆ. ಮುಚ್ಚಳದ ತೂತಿನಿಂದ ಎಣ್ಣೆಯನ್ನು ನೂಲಿನ ಹಾಗೆ ಬಿಡುತ್ತ ಮಿಕ್ಸಿ ತಿರುಗಿಸಿದೆ. ಮೊದಲು ಬರೀ ಹಾಲೇ ಕುಣಿಯಿತು. ಅಕ್ಕ ಸೊಂಟಕ್ಕೆ ಸೆರಗು ಸಿಗಿಸಿಕೊಂಡು, ನಾನು ಸೋಲುವುದನ್ನು ನೋಡಲು ನಿಂತಿದ್ದಳು. ಇದ್ದಕ್ಕಿದ್ದಂತೆ ಮಿಕ್ಸಿಯ ದನಿ ಭಾರವಾಯಿತು. ಮುಚ್ಚಳ ತೆಗೆದರೆ ಒಳಗೆ ಹಾಲೂ ಇಲ್ಲ, ಎಣ್ಣೆಯೂ ಇಲ್ಲ! ಮೊಲ್ಲೆ ಹೂವಿನ ಬಣ್ಣದ ಇನ್ನೇನೋ ಕೂತಿದೆ. ಚಮಚ ಊರಿದರೆ ಚಮಚ ನಿಂತಿತು.

ಅಕ್ಕ ಬಗ್ಗಿ ನೋಡಿದಳು. ಬೆರಳಿಂದ ಒತ್ತಿ ನೋಡಿದಳು. "ಎಣ್ಣಿ ಎಲ್ಲಿ ಹೋತಲೇ?" ಅಂದಳು, ನಿಜವಾಗಿ ಕಳೆದುಹೋದ ಸಾಮಾನು ಕೇಳುವವರ ಹಾಗೆ.

ಆಕೆ ಬೆರಗಾದದ್ದು ನನಗೆ ಅರ್ಥವಾಯಿತು. ಹುಟ್ಟಿದಾಗಿನಿಂದ ಆಕೆ ಕಡೆದದ್ದೆಲ್ಲ ಬೇರೆ ಮಾಡಲಿಕ್ಕೆ. ಮೊಸರನ್ನು ಕಡೆದರೆ ಬೆಣ್ಣೆ ಒಂದು ಕಡೆ, ಮಜ್ಜಿಗೆ ಒಂದು ಕಡೆ. ಇಲ್ಲಿ ಕಡೆದರೆ ಎರಡು ಹೋಗಿ ಒಂದಾಗಿದೆ. ಕೂಡಬಾರದವು ಅಂತ ನಾವು ಗಟ್ಟಿಯಾಗಿ ನಂಬಿದ್ದ ಎರಡು, ಇಷ್ಟು ಶಾಂತವಾಗಿ, ಒಂದು ಜಾರಿನೊಳಗೆ ಕೂಡಿವೆ. ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಕಲಿತ "ಮಿರಾಕಲ್" ಅನ್ನುವ ಪದ ನನ್ನ ಬಾಯಿಗೆ ಬಂತು. ಅಡುಗೆಮನೆಯಲ್ಲಿ ಆ ಪದ ಬಳಸಿದ್ದು ಅದೇ ಮೊದಲು.

ನಿಂಬೆಹುಳಿ ಹಿಂಡಿ, ಬಟ್ಟಲಿಗೆ ತೆಗೆದಿಟ್ಟು, ನಾನು ಬ್ರೆಡ್ ತರಲು ಬಸ್ ಸ್ಟ್ಯಾಂಡ್ ಹತ್ತಿರದ ಬೇಕರಿಗೆ ಹೋದೆ. ವಾಪಸ್ ಬಂದು ಚಪ್ಪಲಿ ಬಿಡುತ್ತಿರುವಾಗಲೇ ಮೂಗಿಗೆ ಇಂಗಿನ ವಾಸನೆ ಬಂತು. ಒಳಗಿಂದ ಚುಂಯ್ ಅಂತ ಸದ್ದು.

"ಅಕ್ಕಾ!"

ತಡವಾಗಿತ್ತು. ಕಾದ ಎಣ್ಣೆ, ಸಿಡಿದ ಸಾಸಿವೆ, ಇಂಗು, ಕರಿಬೇವು, ಒಣಮೆಣಸಿನಕಾಯಿ, ಎಲ್ಲ ಬಟ್ಟಲಿಗೆ ಬಿದ್ದು, ಆ ಬಿಳುಪು ಕಣ್ಣೆದುರೇ ಕರಗುತ್ತಿತ್ತು. ಹಳದಿ ಎಣ್ಣೆ ಮೇಲೆ, ಕೆಳಗೆ ತರಿತರಿಯಾದ ಹಾಲು. ಅಕ್ಕ ಒಗ್ಗರಣೆ ಸೌಟು ಹಿಡಿದು ನಿಂತೇ ಇದ್ದಳು.

"ಸಪ್ಪಗಿತ್ತು," ಅಂದಳು. ದನಿ ಅಡಗಿಹೋಗಿತ್ತು. "ಸೂತಕದ ಮನ್ಯಾಗ ಅಷ್ಟ ಒಗ್ಗರಣಿ ಇಲ್ಲದ ಅಡಗಿ ಮಾಡ್ತಾರ. ಅವರು ಇನ್ನ ವಾಪಸ್ ಬರಂಗಿಲ್ಲ ಅಂತ ನೀನ ಅಂದಿ. ಹಂತಾವರ ತಾಟಿಗೆ ಹಂಗ ಸಪ್ಪಂದು ಬಡಿಸಿ ಕಳಸ್ಲೇನು ನಾನು?"

ನನಗೆ ಬಂದ ಸಿಟ್ಟು ಅಲ್ಲೇ ಇಳಿಯಿತು. ಸಿಸ್ಟರನ್ನು ಆಕೆ ನೋಡಿದವಳೂ ಅಲ್ಲ. ಕಾಣದವರೊಬ್ಬರ ಪ್ರಯಾಣ ಸುಖವಾಗಿರಲಿ ಅಂತ, ತನಗೆ ಗೊತ್ತಿದ್ದ ಒಂದೇ ದಾರಿಯಲ್ಲಿ, ಹರಸಿದ್ದಳು. ಗಡಿಯಾರ ನೋಡಿದೆ. ಸಂಡೂರಿನಿಂದ ಅವರು ಹೊರಟಾಗಿರಬೇಕು. ಮನೆಯಲ್ಲಿ ಉಳಿದದ್ದು ಒಂದು ಲೋಟ ಹಾಲು.

ಒಡೆದರೆ ಚೆಲ್ಲಬೇಡಿ ಅಂತ ಆ ವಿಡಿಯೋದಲ್ಲಿ ಹೇಳಿದ್ದು ಆಗ ನೆನಪಾಯಿತು. ಬಟ್ಟಲನ್ನು ಐಸ್ ನೀರಿನಲ್ಲಿಟ್ಟು ತಣ್ಣಗೆ ಮಾಡಿ, ಮೆಣಸಿನಕಾಯಿ ಎತ್ತಿ ಹೊರಗಿಟ್ಟೆವು. ಜಾರು ತೊಳೆದು, ಒರೆಸಿ, ಹೊಸ ಹಾಲು ಸ್ವಲ್ಪ ಹಾಕಿ ಮಿಕ್ಸಿ ತಿರುಗಿಸಿದೆ. ಒಡೆದದ್ದನ್ನು ಅಕ್ಕ ಚಮಚ ಚಮಚವಾಗಿ ಬಿಟ್ಟಳು. ಬಾಯಿ ಸುಮ್ಮನಿರಲಿಲ್ಲ: "ಕೂಡ್ಲೇ, ಕೂಡು, ಮಾನ ಉಳಸು." ಜಾರಿಗೆ ಹೇಳುತ್ತಿದ್ದಳೋ ನನಗೆ ಹೇಳುತ್ತಿದ್ದಳೋ, ನಾನು ಕೇಳಲಿಲ್ಲ.

ಕೂಡಿತು.

ಹೇಗೆ ಅಂತ ವಿವರಿಸಲು ನನಗೆ ಬರುವುದಿಲ್ಲ. ಒಡೆದದ್ದೇ ಎಣ್ಣೆ, ಒಡೆದದ್ದೇ ಹಾಲು. ಒಂದಿಷ್ಟು ಹೊಸ ಹಾಲು ಸಿಕ್ಕಿದ್ದಕ್ಕೆ ಮತ್ತೆ ಗಟ್ಟಿಯಾಗಿ ಕೂತವು. ಈಗ ಬಣ್ಣ ತುಸು ಕೆನೆಹಳದಿ, ಮೈತುಂಬ ಸಾಸಿವೆಯ ಕಪ್ಪು ಚುಕ್ಕೆ, ಕರಿಬೇವಿನ ಹಸಿರು. ನಾವಿಬ್ಬರೂ ಜಾರಿನ ಮೇಲೆ ತಲೆ ತಾಗಿಸಿಕೊಂಡು ಅದನ್ನೇ ನೋಡುತ್ತ ನಿಂತಿದ್ದೆವು. ಇಬ್ಬರು ಮುದುಕಿಯರು, ತೊಟ್ಟಿಲು ನೋಡುವವರ ಹಾಗೆ.

ಸಿಸ್ಟರ್ ಬಂದಾಗ ಎಷ್ಟು ಸಣ್ಣಗಾಗಿದ್ದರು ಅಂದರೆ, ಕಾರಿನಿಂದ ಇಳಿಸಿದ್ದು ಬರೀ ಬಿಳಿ ಬಟ್ಟೆಯನ್ನೇ ಅನಿಸಿತು. ಅಕ್ಕ ಮುಂದೆ ಹೋಗಿ ಕೈ ಹಿಡಿದಳು. "ಬರ್ರಿ ಸಿಸ್ಟರಮ್ಮ, ಒಳಗ ಬರ್ರಿ. ಇಲ್ಲೇ ಕುಂದ್ರಿ, ಫ್ಯಾನಿನ ಕೆಳಗ." ಬೇಯಿಸಿದ ಆಲೂಗಡ್ಡೆ, ಸೌತೆಕಾಯಿ, ಎಳೆ ಎಲೆಕೋಸು, ಟೊಮೆಟೊ, ಎಲ್ಲಕ್ಕೂ ಡ್ರೆಸ್ಸಿಂಗ್ ಹಚ್ಚಿ, ಬ್ರೆಡ್ಡಿನ ನಡುವೆ ಎತ್ತರಕ್ಕೆ ಪೇರಿಸಿ, ಮೂಲೆಯಿಂದ ಮೂಲೆಗೆ ಕೊಯ್ದು ಒಂದೇ ಪ್ಲೇಟಿನಲ್ಲಿಟ್ಟಿದ್ದೆ.

ಅವರು ಕಣ್ಣು ಮುಚ್ಚಿ ಪ್ರಾರ್ಥನೆ ಮಾಡಿ ಒಂದು ತುಂಡು ಎತ್ತಿಕೊಂಡರು. ನಾನು ಒಂದು ಎತ್ತಿಕೊಂಡೆ. ಇಬ್ಬರೂ ಒಟ್ಟಿಗೆ ಕಚ್ಚಿದೆವು. ಮೊದಲು ತಂಪು, ಆಮೇಲೆ ಹುಳಿ, ಆಮೇಲೆ ಎಲ್ಲೋ ಹಿಂದಿನಿಂದ ಇಂಗು. ಮೃದು ಅಂದರೆ ಅಷ್ಟು ಮೃದು, ತರಕಾರಿ ಒಂದೊಂದೂ ಇನ್ನೊಂದರ ಮೇಲೆ ಒರಗಿಕೊಂಡಿತ್ತು. ನನಗೆ ನುಂಗಲು ಮನಸ್ಸಾಗಲಿಲ್ಲ.

ಸಿಸ್ಟರ್ ಅಗಿಯುವುದನ್ನು ನಿಲ್ಲಿಸಿದರು. "ಇದಕ್ಕೆ ಎಂತ ಹಾಕಿದ್ದು?"

ಅಕ್ಕ ಬಾಗಿಲ ಚೌಕಟ್ಟು ಹಿಡಿದುಕೊಂಡಳು. "ಒಗ್ಗರಣಿರೀ. ತಪ್ಪಾತೇನ್ರಿ?"

"ಯಾರೂ ಹಾಕಲಿಲ್ಲ ನೋಡು," ಅಂದರು ಸಿಸ್ಟರ್ ನನ್ನ ಕಡೆ ತಿರುಗಿ. "ಅಮೆರಿಕದಲ್ಲಿ ಅಷ್ಟು ಅಂಗಡಿ. ಒಬ್ಬನಿಗೂ ಹೊಳೆಯಲಿಲ್ಲವಾ!" ನಕ್ಕರು, ಕೆಮ್ಮಿದರು, ಮತ್ತೆ ನಕ್ಕರು. ಆಮೇಲೆ ನನ್ನ ಕೈಯಲ್ಲಿದ್ದ ಅರ್ಧ ಕಚ್ಚಿದ ತುಂಡನ್ನು ನೋಡಿ ಇಂಗ್ಲಿಷಿನಲ್ಲಿ ಮೆಲ್ಲಗೆ, "ಅಟ್ ಲಾಸ್ಟ್," ಅಂದರು. ನಾನು ತಲೆ ಆಡಿಸಿದೆ.

ಅಕ್ಕ ಬ್ರೆಡ್ ಮುಟ್ಟಲಿಲ್ಲ. "ಬ್ಯಾಡವಾ, ನಂಗ ರೊಟ್ಟಿಗೆ ಹಚ್ಚಿ ಕೊಡು," ಅಂದು ಜೋಳದ ರೊಟ್ಟಿಗೆ ಹಚ್ಚಿಸಿಕೊಂಡು, ನಮ್ಮ ಎದುರಿನ ಕುರ್ಚಿಯಲ್ಲೇ ಕೂತು ತಿಂದಳು. "ಮಸ್ತ್ ಅದ ಬಿಡು," ಅಂದಳು, ಸೋತವರಿಗೆ ಮಾರ್ಕ್ಸ್ ಕೊಡುವವಳ ಹಾಗೆ.

ಅರ್ಧ ಗಂಟೆ ಬೇಗ ಮುಗಿಯಿತು. ಪ್ಲೇಟಿನಲ್ಲಿ ಒಂದು ತುಂಡು ಉಳಿದಿತ್ತು. ರಾತ್ರಿ ಟ್ರೇನಿನಲ್ಲಿ ತಿನ್ನುತ್ತೇನೆ, ಪೇಪರಿನಲ್ಲಿ ಸುತ್ತಿ ಕೊಡು ಅಂದರು ಸಿಸ್ಟರ್. ಬೇಸಿಗೆ, ಅಷ್ಟು ಹೊತ್ತು ಇಡಬೇಡಿ, ಕೆಡುತ್ತದೆ ಅಂದೆ. "ಓಬೀಡಿಯೆಂಟ್ ಆಗಿರ್ತೇನೆ," ಅಂದರು. ಕಾರಿನಲ್ಲಿ ಕೂರಿಸಿ ಬಾಗಿಲು ಹಾಕಿದೆ. ಗಾಜಿನ ಮೇಲೆ ಅಂಗೈ ಇಟ್ಟರು, ನಾನು ಹೊರಗಿನಿಂದ ಇಟ್ಟೆ. ಕಾರು ಸ್ಟೇಷನ್ ಕಡೆ ಹೊರಟಿತು. ಬೀದಿಯ ತಿರುವು ಇನ್ನೂ ದೂರವಿರುವಾಗಲೇ, ಹಿಂದಿನ ಗಾಜಿನಲ್ಲಿ ಆ ಬಿಳಿ ತಲೆ ಮಡಿಲಿನ ಕಡೆ ಬಗ್ಗಿದ್ದು ಕಂಡಿತು. ಪೇಪರ್ ಬಿಚ್ಚುತ್ತಿದ್ದರು. ಅವರನ್ನು ನಾನು ನೋಡಿದ್ದು ಅದೇ ಕೊನೆ.